ಗೋಡೆ ಮುಗಿಯುವ ಜಾಗ

ಏಳನೇ ತರಗತಿಯ ಸಮಾಜ ಪುಸ್ತಕದಲ್ಲಿ ಕಡಲ ಕೊರೆತದ ಬಗ್ಗೆ ನಾಲ್ಕೇ ಸಾಲು ಇತ್ತು. ಅಲೆಗಳು ದಡವನ್ನು ಕೊರೆಯುತ್ತವೆ, ಕಲ್ಲಿನ ತಡೆಗೋಡೆ ಕಟ್ಟಿ ಅದನ್ನು ತಡೆಯಬಹುದು, ಮುಗಿಯಿತು. ಹೊಳೆನರಸೀಪುರ ತಾಲ್ಲೂಕಿನಲ್ಲಿ, ಹೇಮಾವತಿ ದಡದ ಒಂದು ಹಳ್ಳಿ ಶಾಲೆಯಲ್ಲಿ ಇಪ್ಪತ್ತಾರು ವರ್ಷ ನಾನು ಆ ನಾಲ್ಕು ಸಾಲನ್ನು ಗಿಣಿಪಾಠ ಒಪ್ಪಿಸಿದೆ. ನನ್ನ ಹುಡುಗರಲ್ಲಿ ಒಬ್ಬರೂ ಕಡಲು ಕಂಡವರಲ್ಲ, ಅವರ ಮೇಷ್ಟ್ರು ತಿರುನಾರಾಯಣನಾದ ನಾನೂ ಕಂಡವನಲ್ಲ. ಹಾಗಾಗಿ ಯಾರೂ ಪ್ರಶ್ನೆ ಕೇಳಲಿಲ್ಲ. ಕೇಳಿದವನು ಒಬ್ಬನೇ, ಲಕ್ಕಣ್ಣ. ಅವನು ಶಾಲೆಯ ಮುಖ ಕಂಡದ್ದೇ ಮೂರನೇ ಕ್ಲಾಸಿನವರೆಗೆ.

ಲಕ್ಕಣ್ಣ ರಾಗಿ ಬೆಳೆಯುವ ಮನೆಯವನು. ಎಂಬತ್ತರ ದಶಕದಲ್ಲಿ ಹೇಮಾವತಿ ನಾಲೆಯ ಕೆಲಸ ಜೋರಾಗಿ ನಡೆಯುವಾಗ ಕೂಲಿಗೆ ಹೋದ. ಅಲ್ಲಿ ನಾಲೆ ಏರಿಗೆ ಕಲ್ಲು ಹೊದಿಸುವುದನ್ನು ಕಲಿತ. ಪಿಚಿಂಗ್ ಅನ್ನುತ್ತಾರಲ್ಲ, ಅದು. ಹತ್ತು ವರ್ಷದಲ್ಲಿ ಮೇಸ್ತ್ರಿಯಾದ. ಒಂದು ಕಲ್ಲನ್ನು ಎರಡು ಸಲ ಹೊರಳಿಸಿ ನೋಡಿದರೆ ಸಾಕು, ಇದರ ಮುಖ ಇದು, ಬೆನ್ನು ಇದು ಅಂದುಬಿಡುತ್ತಿದ್ದ. ಅವನು ಕೂರಿಸಿದ ಕಲ್ಲನ್ನು ಹಾರೆ ಹಾಕಿ ಮೀಟಿದರೂ ಅಲುಗುತ್ತಿರಲಿಲ್ಲ. ಅವನ ಹೆಂಡತಿ ಸರಸಮ್ಮ ಮಾತ್ರ, "ಕಲ್ಲಿನ್ ಮಾತು ಬುಡಿ ಸಾ, ಕಟ್ಟೋ ಯಜಮಾನ್ರನ್ನೂ ಕುಂತ ಜಾಗದಿಂದ ಮೀಟಕಾಗಕಿಲ್ಲ" ಅನ್ನುತ್ತಿದ್ದಳು.

ತೊಂಬತ್ತೇಳರ ದೀಪಾವಳಿ ಕಳೆದ ಮೇಲೆ ಹಾಸನದ ಒಬ್ಬ ಕಂಟ್ರಾಕ್ಟರು ಇವನನ್ನೂ, ಅರಕಲಗೂಡು ಕಡೆಯ ಹನ್ನೊಂದು ಜನರನ್ನೂ ಲಾರಿಗೆ ಹತ್ತಿಸಿಕೊಂಡು ಘಟ್ಟ ಇಳಿಸಿದ. ಉಡುಪಿ ಕಡೆಯ ಒಂದು ಕಡಲೂರಿನಲ್ಲಿ ನಾನೂರು ಮೀಟರ್ ತಡೆಗೋಡೆ ಕಟ್ಟಬೇಕಿತ್ತು. ಅಲ್ಲಿಂದ ಹಿಂದಿರುಗಿದ ಮೇಲೆ ಲಕ್ಕಣ್ಣ ನಮ್ಮ ಜಗಲಿಯ ಮೇಲೆ ಕೂತು ಅಲ್ಲಿನ ಕಥೆಯನ್ನು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಅವನು ಹೇಳಿದ್ದನ್ನೇ ಬರೆಯುತ್ತಿದ್ದೇನೆ, ನನ್ನದೇನೂ ಸೇರಿಸಿಲ್ಲ. ಒಂದು ಚೂರು ಸೇರಿಸಿರಬಹುದು, ಮೇಷ್ಟ್ರ ಬುದ್ಧಿ.

ಲಾರಿಯಿಂದ ಇಳಿದವನು ಕಡಲನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, "ಸಾ, ಇದ್ರಾಗೆ ಮ್ಯಾಲೊಳೆ ಯಾವ್ ಕಡೆ, ಕೆಳಗೊಳೆ ಯಾವ್ ಕಡೆ?" ಅಲ್ಲಿದ್ದ ಇಂಜಿನಿಯರು ತಬ್ಬಿಬ್ಬಾದರಂತೆ. ಲಕ್ಕಣ್ಣನ ತಪ್ಪಲ್ಲ. ಹೊಳೆಯವನಿಗೆ ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗಬೇಕು. ಇದು ಬರುತ್ತದೆ, ಹಾಗೇ ಹಿಂದಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ. ಕಲ್ಲಿನ ಮುಖವನ್ನು ಯಾವ ಕಡೆಗೆ ತಿರುಗಿಸುವುದು?

ಎರಡನೆಯ ಎಡವಟ್ಟು ಇದಕ್ಕಿಂತ ದೊಡ್ಡದು. ಕೆಲಸ ಶುರು ಮಾಡಲು ಒಳ್ಳೆಯ ದಿನ ನೋಡಬೇಕಲ್ಲ. ಅಮಾವಾಸ್ಯೆ ಬೇಡ, ಹುಣ್ಣಿಮೆ ಒಳ್ಳೆಯದು ಎಂದು ಇವರೇ ಗೊತ್ತು ಮಾಡಿಕೊಂಡರು. ನಮ್ಮ ಕಡೆ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಹುಣ್ಣಿಮೆಯ ದಿನ ಹೊತ್ತು ಮೂಡುವಾಗ ಹೋಗಿ, ನೀರು ಎಲ್ಲಿದೆಯೋ ನೋಡಿ, ಅದರಿಂದ ಹತ್ತು ಮಾರು ಬಿಟ್ಟು ಹಗ್ಗ ಹಿಡಿದು ಗುರುತು ಹಾಕಿದರು. ಪಾಯ ತೋಡಿ ಸಾಲಾಗಿ ಕಲ್ಲು ಇಟ್ಟರು, ಅರಿಶಿನ ಕುಂಕುಮ ಹಚ್ಚಿದರು, ಕಾಯಿ ಒಡೆದರು. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಪಾಯವಿಲ್ಲ, ಹಗ್ಗವಿಲ್ಲ, ಮರಳು ನುಣ್ಣಗೆ ಮುಚ್ಚಿಹೋಗಿದೆ. ಒಡೆದ ಕಾಯಿಯ ಹೋಳು ಮಾತ್ರ ನೀರಿನಲ್ಲಿ ತೇಲುತ್ತಿದೆ.

ಆಗ ಆಚೆಯ ಹೆಂಚಿನ ಮನೆಯಿಂದ ಒಬ್ಬ ಹೆಂಗಸು ಸೊಂಟಕ್ಕೆ ಕೈಯಿಟ್ಟು ಹೊರಗೆ ಬಂದಳು. ಮೀನು ಮಾರುವವಳು, ಐವತ್ತರ ಹತ್ತಿರದ ವಯಸ್ಸು, ಹೆಸರು ಗುಲಾಬಿ. "ಎಂತ ಮಾರಾಯ್ರೆ, ಹುಣ್ಣಿಮೆಗೆ ಯಾರಾದ್ರೂ ಕಡಲಿಗೆ ಕಲ್ಲು ಹಾಕ್ತಾರಾ? ಹುಣ್ಣಿಮೆ ಅಮಾಸೆಗೆ ನೀರು ಜಾಸ್ತಿ ಏರ್ತದೆ ಅಂತ ಸಣ್ಣ ಮಕ್ಕಳಿಗೂ ಗೊತ್ತುಂಟು. ನಿಮ್ಮ ಊರಲ್ಲಿ ಚಂದ್ರ ಇಲ್ವಾ?"

"ಅವ್ನೆ ಕಣಕ್ಕ," ಎಂದನಂತೆ ಲಕ್ಕಣ್ಣ, "ಆದ್ರೆ ನಮ್ಮ ಒಳೆ ತಂಟೆಗೆ ಬರಾಕಿಲ್ಲ."

ಅವಳು ನಕ್ಕಳು. ಅಂದಿನಿಂದ ಈ ಹನ್ನೆರಡು ಜನಕ್ಕೆ ಅಡಿಗೆ ಮಾಡಿ ಹಾಕಲು ಒಪ್ಪಿಕೊಂಡಳು. ಗಂಡ ಇರಲಿಲ್ಲ, ಮಗಳು ಮದುವೆಯಾಗಿ ಹೋಗಿದ್ದಳು. ಕುಚ್ಚಲಕ್ಕಿ ಅನ್ನ ಇವರ ಹೊಟ್ಟೆಗೆ ಹತ್ತಲಿಲ್ಲ. ಸರಸಮ್ಮ ಊರಿನಿಂದ ರಾಗಿ ಹಿಟ್ಟು ಕಳಿಸಿದಳು. ಗುಲಾಬಿಯ ಮೊದಲ ಮುದ್ದೆಯಲ್ಲಿ ಹಿಟ್ಟಿನ ಗಂಟು ಎಷ್ಟಿದ್ದವು ಎಂದರೆ ಅರಕಲಗೂಡಿನವನೊಬ್ಬ, "ಇದ್ನೂ ಪಿಚಿಂಗ್‌ಗೆ ಆಕನಾ ಮೇಸ್ತ್ರಿ?" ಎಂದನಂತೆ. ವಾರದಲ್ಲಿ ಕೈ ಕುದುರಿತು. ಆಮೇಲೆ ಅವಳ ಮುದ್ದೆ, ಅವಳ ಬಂಗುಡೆ ಸಾರು. ಆ ಸಾರಿನ ವರ್ಣನೆ ಶುರುವಾದರೆ ಲಕ್ಕಣ್ಣನಿಗೆ ಮೈಮೇಲೆ ಎಚ್ಚರ ಇರುತ್ತಿರಲಿಲ್ಲ. ಒಳಗಿನಿಂದ ನನ್ನ ಹೆಂಡತಿ ಸುಂದರಮ್ಮ, "ಲಕ್ಕಣ್ಣ, ಕಡಲಿನ ಕಥೆ ಹೇಳು, ಮೀನಿನ ಕಥೆ ನನ್ನ ಜಗಲಿ ಮೇಲೆ ಬೇಡ" ಎಂದು ಕೂಗಬೇಕಾಗುತ್ತಿತ್ತು.

ಮಳೆಗಾಲಕ್ಕೆ ಮೊದಲು ಗೋಡೆ ಮುಗಿಯಿತು. ದೊಡ್ಡ ಬಂಡೆ ಮುಂದೆ, ಸಣ್ಣವು ಹಿಂದೆ, ಒಂದಕ್ಕೊಂದು ಕಚ್ಚಿಕೊಂಡು ನಾನೂರು ಮೀಟರ್. ತನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಕೆಲಸ ಮಾಡಿರಲಿಲ್ಲ ಎಂದು ಅವನೇ ಹೇಳುತ್ತಾನೆ. ಆದರೆ ಗೋಡೆ ಮುಗಿದದ್ದು ಗುಲಾಬಿಯ ಮನೆಗೆ ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗ, ಒಂದು ತೆಂಗಿನ ಮರದ ಹತ್ತಿರ. ಇನ್ನೊಂದಿಷ್ಟು ಕಲ್ಲು ಕೊಡಿ ಎಂದು ಲಕ್ಕಣ್ಣ ಇಂಜಿನಿಯರನ್ನು ಕೇಳಿದ. ಸ್ಯಾಂಕ್ಷನ್ ಆಗಿರುವುದೇ ಇಷ್ಟು, ಎಲ್ಲಾದರೂ ಒಂದು ಕಡೆ ನಿಲ್ಲಿಸಲೇಬೇಕಲ್ಲ ಎಂದರು ಅವರು. ಅದೂ ನಿಜವೇ.

ಹೊರಡುವ ದಿನ ಲಕ್ಕಣ್ಣ ಅವಳಿಗೆ ಧೈರ್ಯ ಹೇಳಿದ. "ಅಂಜ್ಬ್ಯಾಡ ಕಣಕ್ಕ. ಗ್ವಾಡೆ ನಿಮ್ಮನೆ ಪಕ್ಕದಗಂಟ ಬಂದದೆ. ಕಡಲು ಅದ್ನ ನೋಡಿ ಇಂದಕ್ಕೆ ಓಯ್ತದೆ." ಅವಳು ಆಯ್ತು ಎಂದಳು. ಹನ್ನೆರಡು ಮುದ್ದೆ ಮಾಡಿ, ಬಾಳೆಲೆಯಲ್ಲಿ ಕಟ್ಟಿ, ದಾರಿಗೆ ಕೊಟ್ಟಳು. ಕಾಗದ ಹಾಕಲು ವಿಳಾಸ ಕೇಳಿದಳು. ಇವನು ನನ್ನ ಹೆಸರು, ಶಾಲೆಯ ಹೆಸರು ಹೇಳಿ ಬರೆಸಿದ.

ತೊಂಬತ್ತೆಂಟರ ಶ್ರಾವಣದಲ್ಲಿ ಶಾಲೆಗೆ ಕಾರ್ಡು ಬಂತು. ಗುಂಡಗಿನ ಅಕ್ಷರ, ಅವಳೇ ಬರೆದದ್ದು. ಲಕ್ಕಣ್ಣನನ್ನು ಕರೆಸಿ ಓದಿ ಹೇಳಿದೆ. "ಮೇಸ್ತ್ರಿಯವರಿಗೆ ನಮಸ್ಕಾರ. ನಿಮ್ಮ ಗೋಡೆ ಗಟ್ಟಿ ಉಂಟು, ಒಂದು ಕಲ್ಲು ಕೂಡ ಹೋಗಲಿಲ್ಲ. ಗೋಡೆಯ ಹಿಂದಿನ ಮನೆಗಳೆಲ್ಲ ಉಳಿದವು. ನನ್ನ ಮನೆ ಇಲ್ಲ. ಕಡಲು ಗೋಡೆಯ ಕಡೆಯ ತುದಿಯಿಂದ ಒಳಗೆ ಬಂತು. ನಾನು ಈಗ ತಂಗಿಯ ಮನೆಯಲ್ಲಿದ್ದೇನೆ, ಆರೋಗ್ಯವಾಗಿದ್ದೇನೆ. ನಿಮ್ಮಲ್ಲಿ ಮಳೆ ಹೇಗೆ? ರಾಗಿ ಹಾಕಿ ಆಯಿತಾ?"

ಲಕ್ಕಣ್ಣ ಕಾರ್ಡನ್ನು ಕೈಗೆ ತೆಗೆದುಕೊಂಡು, ಕಲ್ಲಿನ ಹಾಗೆ ಎರಡು ಸಲ ಹೊರಳಿಸಿ ನೋಡಿ ವಾಪಸ್ಸು ಕೊಟ್ಟ. "ಇನ್ನೊಂದ್ ಕಿತ ಓದಿ ಸಾ" ಎಂದ. ಓದಿದೆ. "ಬೈದಿಲ್ವಾ ಸಾ? ಸರಿಯಾಗಿ ನೋಡಿ."

"ಇಲ್ಲಯ್ಯ, ರಾಗಿ ಕೇಳಿದ್ದಾಳೆ."

"ನಲವತ್ತು ವರ್ಸದಿಂದ ಇದ್ದ ಮನೆ ಕಣ್ ಸಾ ಅದು. ನಾನು ಗ್ವಾಡೆ ಕಟ್ಟೋಗಂಟ ಇತ್ತು. ಕಟ್ಟಿದ್ ವರ್ಸಕ್ಕೆ ಓಯ್ತು ಅಂದ್ರೆ ಏನ್ ಸಾ ಅರ್ಥ? ಅದು ಓಗಾದಿತ್ತು, ಓಯ್ತಾ? ಇಲ್ಲಾ ನನ್ ಗ್ವಾಡೇಲಿಂದ ಓಯ್ತಾ?"

ನಾನು ಮೇಷ್ಟ್ರು. ಕೇಳಿದ್ದಕ್ಕೆ ಗೊತ್ತಿಲ್ಲ ಅನ್ನುವ ಅಭ್ಯಾಸ ನನಗಿಲ್ಲ. ಬೀರುವಿನಿಂದ ಪುಸ್ತಕ ತೆಗೆದು ಆ ನಾಲ್ಕು ಸಾಲು ಓದಿದೆ. ತಡೆಗೋಡೆ ಕಟ್ಟಿ ತಡೆಯಬಹುದು ಎಂದೇ ಇತ್ತು, ಗೋಡೆ ಮುಗಿದ ಮೇಲೆ ಏನು ಎಂದು ಇರಲಿಲ್ಲ. ನನಗೆ ಪುಸ್ತಕದ ಮೇಲೆ ಕೋಪ ಬಂತು. ಆ ಕೋಪವನ್ನು ಲಕ್ಕಣ್ಣನ ಮೇಲೆ ತೀರಿಸಿಕೊಂಡು, "ಹೋಗಯ್ಯ, ನನಗೆ ಕ್ಲಾಸಿದೆ" ಎಂದೆ.

ಅವನು ಬಿಡಲಿಲ್ಲ. ಮೊದಲೇ ಮೀಟಲಾಗದ ಕಲ್ಲು. ಹಾಸನಕ್ಕೆ ಹೋಗಿ ಗೊತ್ತಿದ್ದ ಇಂಜಿನಿಯರುಗಳನ್ನೆಲ್ಲ ಕೇಳಿಕೊಂಡು ಬಂದ. ಒಬ್ಬರು, ಗೋಡೆ ಇಲ್ಲದಿದ್ದರೆ ಅವಳ ಮನೆ ಇನ್ನೂ ಬೇಗ ಹೋಗುತ್ತಿತ್ತು ಎಂದರಂತೆ. ಇನ್ನೊಬ್ಬರು, ಅಲೆಗೆ ಇಲ್ಲಿ ಅಡ್ಡ ಹಾಕಿದರೆ ಅಲ್ಲಿ ಬಗೆಯುತ್ತದೆ, ಸಹಜ ಎಂದರಂತೆ. ಮೂರನೆಯವರು, "ನಿನ್ನ ಕಲ್ಲು ನಿಂತಿದೆಯಲ್ಲ, ನಿನಗ್ಯಾಕಯ್ಯ ಊರ ಉಸಾಬರಿ?" ಎಂದು ಕಳಿಸಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು, ಹೋಗುವಾಗ ಇದ್ದದ್ದಕ್ಕಿಂತ ಗೊಂದಲವನ್ನು ಹೆಚ್ಚು ಮಾಡಿಕೊಂಡು ಬಂದ.

ಗುಲಾಬಿ ಪ್ರತಿ ದೀಪಾವಳಿಗೆ ಕಾರ್ಡು ಹಾಕುತ್ತಿದ್ದಳು. ಕ್ಷೇಮ, ಮೀನು ಕಮ್ಮಿ, ಮಗಳಿಗೆ ಹೆರಿಗೆಯಾಯಿತು. ಮನೆಯ ಮಾತೇ ಇಲ್ಲ. ಲಕ್ಕಣ್ಣ ಹೇಳಿ ಬರೆಸುವ ಉತ್ತರದಲ್ಲೂ ಮನೆಯ ಮಾತಿಲ್ಲ. ಆದರೆ ಪ್ರತಿ ಸಲ ಕಾರ್ಡು ಮುಗಿದ ಮೇಲೆ, "ಒಂದ್ ಮಾತು ಬೈದ್ಬುಟ್ಟಿದ್ರೆ ಸಂದಾಕಿರದು ಸಾ" ಅನ್ನುತ್ತಿದ್ದ.

ಎರಡು ಸಾವಿರ ಕಳೆದ ಮೇಲೆ ಪತ್ರಿಕೆಗಳಲ್ಲಿ ಹೊಸ ವಿಷಯ ಬರತೊಡಗಿತು. ಭೂಮಿ ಬಿಸಿಯಾಗುತ್ತಿದೆ, ಕಡಲಿನ ಮಟ್ಟ ಏರುತ್ತಿದೆ, ಮಳೆಯ ಲೆಕ್ಕ ತಪ್ಪುತ್ತಿದೆ. ನಾನು ಪೇಪರು ಹಿಡಿದುಕೊಂಡು ಅವನ ಮನೆಗೇ ಹೋದೆ. "ನೋಡಯ್ಯ, ಕಡಲೇ ಏರ್ತಾ ಇದೆಯಂತೆ. ನಿನ್ನ ಗೋಡೆ ಏನು ಮಾಡುತ್ತೆ ಪಾಪ?" ಎಂದೆ. ಅವನ ಮುಖ ಅರಳಿತು. ಸರಸಮ್ಮ ಕಾಫಿ ತಂದಳು. ಲೋಟ ಖಾಲಿಯಾಗುವಷ್ಟರಲ್ಲಿ ಮುಖ ಮತ್ತೆ ಬಾಡಿತು. "ಏರಾದು ಎಲ್ಲಾ ಕಡೆ ಏರ್ಬೇಕಲ್ವಾ ಸಾ? ಗ್ವಾಡೆ ಮುಗ್ದಿರೋ ತಾವೇ ಯಾಕ್ ನುಗ್ತು?" ಎಂದ. ನಾನು ಪೇಪರು ಮಡಚಿಕೊಂಡು ಎದ್ದು ಬಂದೆ. ದರಿದ್ರದವನು, ನೆಮ್ಮದಿಯಾಗಿ ಇರುವುದಿಲ್ಲ, ಇರಲೂ ಬಿಡುವುದಿಲ್ಲ.

ಆ ಮಳೆಯ ಲೆಕ್ಕ ನಮ್ಮೂರಿಗೂ ತಪ್ಪಿತು. ಎರಡು ಸಾವಿರದ ಆರರಲ್ಲಿ ತಿಂಗಳಿಡೀ ಬರಬೇಕಾದ ಮಳೆ ಒಂದೇ ವಾರದಲ್ಲಿ ಸುರಿಯಿತು. ಗೊರೂರು ಅಣೆಕಟ್ಟೆಯಿಂದ ನೀರು ಬಿಟ್ಟರು. ಹೊಳೆಯ ಒಡಲಿನ ಮರಳನ್ನು ಟ್ರ್ಯಾಕ್ಟರುಗಳು ಬಾಚಿ ಬಾಚಿ ಮೊದಲೇ ಗುಂಡಿ ಮಾಡಿದ್ದವು. ನಮ್ಮೂರ ಕಡೆಯ ದಡ ಕುಸಿಯತೊಡಗಿತು. ಹೊಳೆ ಸಾಲಿನ ಏಳು ಮನೆಗಳ ಹಿತ್ತಿಲು ನೀರಿಗೆ ಹೋಯಿತು. ಊರವರು ಓಡಾಡಿ ಅರ್ಜಿ ಕೊಟ್ಟು ಇನ್ನೂರು ಮೀಟರ್ ಕಲ್ಲಿನ ಕೆಲಸ ಮಂಜೂರು ಮಾಡಿಸಿಕೊಂಡರು. ಗುರುತು ಹಾಕಲು ಬಂದವರು ಅರುಣ್‌ಕುಮಾರ್ ಎಂಬ ಇಂಜಿನಿಯರು, ಚನ್ನರಾಯಪಟ್ಟಣದವರು. ಇನ್ನೂ ಚಿಕ್ಕ ವಯಸ್ಸು, ಹಿರಿಯರೆಂದರೆ ಮರ್ಯಾದೆ. ಹಳೆಯ ಮೇಸ್ತ್ರಿ ಇದ್ದಾರೆ ಎಂದು ತಿಳಿದು ಲಕ್ಕಣ್ಣನನ್ನು ಕರೆಸಿದರು.

ಜಾಗ ಹೀಗಿತ್ತು. ಮೇಲ್ಗಡೆ ಹೊಳೆಗೆ ಇಳಿಯುವ ಹಳೆಯ ಸೋಪಾನ, ಅದರ ಕೆಳಗೆ ಏಳು ಮನೆ, ಆಮೇಲೆ ಲಕ್ಕಣ್ಣನ ಮೂವತ್ತು ತೆಂಗಿನ ಮರದ ತೋಟ, ತೋಟ ದಾಟಿದರೆ ಬೆಟ್ಟಮ್ಮನ ಮನೆ. ಬೆಟ್ಟಮ್ಮ ಮುದುಕಿ, ಒಂಟಿ, ಅವಳಿಗೆ ಇರುವುದು ಆ ಹೆಂಚಿನ ಮನೆಯೊಂದೇ. ಸೋಪಾನದಿಂದ ಶುರು ಮಾಡಿದರೆ ಇನ್ನೂರು ಮೀಟರ್ ಲಕ್ಕಣ್ಣನ ತೋಟದ ಮೇಲಿನ ಬೇಲಿಗೆ ಮುಗಿಯುತ್ತದೆ.

ಅರುಣ್‌ಕುಮಾರ್ ಹೇಳಿದರು, "ಯಜಮಾನ್ರೇ, ಮೇಲ್ಗಡೆ ಸೋಪಾನದ ಹತ್ತಿರ ಬಂಡೆ ಇದೆ, ಅಲ್ಲಿ ಅಷ್ಟು ಅವಸರ ಇಲ್ಲ. ಐವತ್ತು ಮೀಟರ್ ಕೆಳಗಿಂದ ಶುರು ಮಾಡೋಣ. ನಿಮ್ಮ ತೋಟ ಪೂರ್ತಿ ಒಳಗೆ ಬರುತ್ತೆ."

ಹಾಗೆ ಮಾಡಿದರೆ ಗೋಡೆ ಮುಗಿಯುವುದು ಬೆಟ್ಟಮ್ಮನ ಮನೆಯ ಪಕ್ಕಕ್ಕೆ. ಬೆಟ್ಟಮ್ಮ ಅಲ್ಲೇ ನಿಂತಿದ್ದಳು. "ನಮ್ಮನೆ ಪಕ್ಕದಗಂಟ ಬತ್ತದಾ ಮಗಾ? ಅಷ್ಟು ಬಂದ್ರೆ ಸಾಕು ಕಣಪ್ಪ, ನಿನ್ ವಟ್ಟೆ ತಣ್ಣಗಿರ್ಲಿ" ಎಂದು ಇಂಜಿನಿಯರಿಗೆ ಕೈ ಮುಗಿದಳು.

ಲಕ್ಕಣ್ಣ ಅವಳ ಮುಖ ನೋಡಿದ. ಹೊಳೆಯನ್ನು ನೋಡಿದ. ಆಮೇಲೆ ಗುರುತಿನ ಗೂಟವನ್ನು ತೆಗೆದುಕೊಂಡು ಹೋಗಿ ತನ್ನ ತೋಟದ ಮೇಲಿನ ಬೇಲಿಯ ಹತ್ತಿರ ಹೊಡೆದ. "ಇಲ್ಲೇ ಮುಗೀಲಿ ಸಾ."

"ನಿಮ್ಮ ತೋಟ ಹೊರಗೆ ಉಳಿಯುತ್ತಲ್ಲ?"

"ಎಲ್ಲಾದ್ರೂ ಒಂದ್ ಕಡೆ ನಿಲ್ಲಿಸ್ಲೇಬೇಕಲ್ವಾ ಸಾ? ಮುಗಿಯೋ ತಾವು ನಾನಿರ್ತೀನಿ. ಏನಾಯ್ತದೆ ಕಣ್ಣಾರೆ ನೋಡ್ಬೇಕು."

ಅರುಣ್‌ಕುಮಾರ್‌ಗೆ ತಲೆಬುಡ ಅರ್ಥವಾಗಲಿಲ್ಲ. ಊರವರು ಇವನಿಗೆ ಅರಳುಮರಳು ಎಂದರು. ಸರಸಮ್ಮ ಮಾತ್ರ ಸುಮ್ಮನಿರಲಿಲ್ಲ. ಆ ಮೂವತ್ತು ಮರವನ್ನು ಬಿಂದಿಗೆಯಲ್ಲಿ ನೀರು ಹೊತ್ತು ಸಾಕಿದವಳು ಅವಳು. "ಊರ್ಗೆಲ್ಲಾ ಗ್ವಾಡೆ, ನಮಗೆ ಮಾತ್ರ ಒಳೆನಾ? ಆ ಕಡಲೂರಿನ್ ಎಂಗಸಿಗೋಸ್ಕರ ನನ್ ಮರ ನೀರಿಗ್ ಆಕ್ತೀಯಾ? ಥೂ ನಿನ್ ಬಾಳಿಗಿಷ್ಟು!" ಎಂದು ಬೀದಿಗೆ ಕೇಳುವ ಹಾಗೆ ಬೈದಳು. ನಾನೂ ಬೈದೆ. "ನಿನ್ನ ಅನುಮಾನ ಪರೀಕ್ಷೆ ಮಾಡೋಕೆ ಹೆಂಡತಿ ಮಕ್ಕಳ ಅನ್ನ ಬೇಕೇನಯ್ಯ ಬೆಪ್ಪೇ?"

ಅವನು ಒಂದು ಮಾತು ಹೇಳಿದ. "ತ್ವಾಟ ಓದ್ರೆ ತ್ವಾಟ ಓಯ್ತದೆ ಸಾ. ಬೆಟ್ಟವ್ವನ್ ಮನೆ ಓದ್ರೆ ನಾನು ಇನ್ನೊಂದ್ ಕಾರ್ಡು ಎಂಗ್ ತಡ್ಕಳ್ಳಿ?"

ಗೋಡೆ ಕಟ್ಟಿದರು, ಅವನೇ ಮುಂದೆ ನಿಂತು ಕಟ್ಟಿಸಿದ. ಮಾರನೆಯ ವರ್ಷ ಮಳೆ ಹಿಡಿಯುವ ಮೊದಲು ಕೊರೆತ ಅಳೆಯಲು ತೋಟದ ದಡದುದ್ದಕ್ಕೂ ಮಾರಿಗೊಂದು ಕಡ್ಡಿ ನೆಟ್ಟ. ನೀರು ಬಂತು. ನಾನು ದಿನಾ ಬೆಳಗ್ಗೆ ಕೊಡೆ ಹಿಡಿದುಕೊಂಡು ಹೋಗಿ ನೋಡುತ್ತಿದ್ದೆ. ಗೋಡೆಯ ಉದ್ದಕ್ಕೂ ಹೊಳೆ ಸಾಧುವಾಗಿ ಹರಿದು, ಕಲ್ಲು ಮುಗಿದ ಕೂಡಲೇ ಸುತ್ತಿಕೊಂಡು ಒಳಗೆ ತಿರುಗಿ ಮಣ್ಣನ್ನು ಬಗೆಯುತ್ತಿತ್ತು. ಮೊದಲು ಕಡ್ಡಿಗಳು ಹೋದವು. ಆಮೇಲೆ ಗೋಡೆಯ ತುದಿಯ ಪಕ್ಕದ ಮರ ವಾಲಿ, ಒಂದು ಗಳಿಗೆ ನಿಂತು, ನೀರಿಗೆ ಬಿತ್ತು. ಸರಸಮ್ಮ ಅಲ್ಲೇ ಕೂತು ಬಾಯಿಗೆ ಸೆರಗಿಟ್ಟುಕೊಂಡು ಅತ್ತಳು. ಲಕ್ಕಣ್ಣನೂ ಅತ್ತ. ಹದಿನೈದು ದಿನದಲ್ಲಿ ಹನ್ನೊಂದು ಮರ ಹೋದವು. ತೋಟದ ನಡುವಿಗೆ ಬರುವಷ್ಟರಲ್ಲಿ ಹೊಳೆಯ ಸೊಕ್ಕು ಇಳಿದಿತ್ತು. ಬೆಟ್ಟಮ್ಮನ ಮನೆಯ ಒಂದು ಹೆಂಚೂ ಅಲುಗಲಿಲ್ಲ.

ನೀರು ಇಳಿದ ಮೇಲೆ ಸರಸಮ್ಮನೇ ಗಂಡನನ್ನು ನಮ್ಮ ಮನೆಗೆ ಎಳೆದುಕೊಂಡು ಬಂದಳು. "ಸಾ, ಆ ಅಕ್ಕಂಗೆ ಏನ್ ಬರೀಬೇಕೋ ಇವತ್ತು ಬರ್ದುಬುಡಿ. ಅನ್ನೊಂದು ಮರ ಕೊಟ್ಟಿವ್ನಿ. ಇನ್ನೂ ಯೋಚ್ನೆ ಮಾಡ್ತಾ ಕುಂತ್ರೆ ಉಳ್ದವೂ ಓಯ್ತವೆ."

ಲಕ್ಕಣ್ಣ ಹೇಳಿದ, ನಾನು ಕಾರ್ಡಿನಲ್ಲಿ ಬರೆಯಲು ಹೊರಟೆ. "ಗುಲಾಬಕ್ಕ, ನಿಮ್ಮನೆ ಓಗಿದ್ದು ನನ್ ಗ್ವಾಡೇಲಿಂದ್ಲೇ."

ನಾನು ಪೆನ್ನು ಎತ್ತಿದೆ. "ತಡಿಯಯ್ಯ. ಹಂಗೆ ಹೇಗೆ ಬರೆಯೋದು? ಇಲ್ಲಿ ಮರಳು ತೆಗೆದವರಿದ್ದಾರೆ, ನೀರು ಬಿಟ್ಟವರಿದ್ದಾರೆ, ಮಳೆಯೇ ಕೆಟ್ಟಿದೆ. ಅಲ್ಲಿ ಕಡಲೇ ಏರ್ತಿದೆ. ಎಲ್ಲವನ್ನೂ ನೀನೊಬ್ಬ ಮೈಮೇಲೆ ಹಾಕ್ಕೊಂಡರೆ ಅದು ನಿಜ ಆಗುತ್ತಾ? ಹೊಳೆ ಬೇರೆ, ಕಡಲು ಬೇರೆ. ನನಗೆ ಈಗಲೂ ಗೊತ್ತಾಗ್ತಿಲ್ಲ."

"ನಂಗೂ ಪೂರ್ತಿ ಗೊತ್ತಿಲ್ಲ ಸಾ," ಎಂದ. "ಅವ್ರೆಲ್ಲಾ ಅವ್ರೆ. ನಾನೂ ಇವ್ನಿ. ಅವ್ರ್ ಪಾಲ್ನ ಅವ್ರ್ ಯೋಳ್ಕಳ್ಳಿ. ನನ್ ಪಾಲ್ನ ನಾನ್ ಯೋಳ್ಕತೀನಿ."

ಬರೆದೆ. ಹನ್ನೊಂದು ಮರದ ವಿಷಯವನ್ನೂ ಬರೆದೆ.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಈ ಸಲ ಕಾರ್ಡಲ್ಲ, ಇನ್‌ಲ್ಯಾಂಡ್ ಕಾಗದ. ಲಕ್ಕಣ್ಣ ಜಗಲಿಯ ಮೇಲೆ ಟವೆಲು ಹಾಸಿಕೊಂಡು ಕೂತ. ನಾನು ಓದಿದೆ.

"ಮೇಸ್ತ್ರಿಯವರಿಗೆ ನಮಸ್ಕಾರ. ನಿಮ್ಮ ಕಾಗದ ಓದಿ ಬೇಸರ ಆಯಿತು. ಮರ ಯಾಕೆ ಕೊಟ್ಟದ್ದು ಮಾರಾಯ್ರೆ? ನನ್ನನ್ನು ಕೇಳಿದ್ದರೆ ಆಗುತ್ತಿತ್ತು. ಗೋಡೆಯ ತುದಿ ಎಲ್ಲಿ ನಿಂತಿತೋ ಅಲ್ಲಿ ಕಡಲು ಒಳಗೆ ಬರುತ್ತದೆ, ಅದು ನನಗೆ ಆವತ್ತೇ ಗೊತ್ತಿತ್ತು. ನೀವು ಹೊರಡುವ ಮುಂಚಿನ ಹುಣ್ಣಿಮೆಗೆ ನೀರು ಏರಿದಾಗ ತೆಂಗಿನ ಮರದ ಬುಡದಲ್ಲಿ ತಿರುಗುವುದನ್ನು ನೋಡಿದ್ದೆ. ಹೇಳಿದರೆ ನೀವು ಕಲ್ಲು ಎಲ್ಲಿಂದ ತರುವುದು? ಎಲ್ಲರೂ ಊರಿಗೆ ಹೋಗುವ ಖುಷಿಯಲ್ಲಿ ಇದ್ದಿರಿ. ಈಗ ಗೋಡೆಯನ್ನು ಇನ್ನೂ ನೂರು ಮೀಟರ್ ಉದ್ದ ಮಾಡಿದ್ದಾರೆ. ಅದರ ತುದಿ ಈಗ ನನ್ನ ತಂಗಿಯ ಮನೆಯ ಹತ್ತಿರ ಬಂದಿದೆ. ಬರುವ ಮಳೆಗೆ ಮೊದಲು ನಾವು ಇಬ್ಬರೂ ಮಗಳ ಮನೆಗೆ ಹೋಗುತ್ತೇವೆ. ಸರಸಮ್ಮನವರಿಗೆ ನಮಸ್ಕಾರ ಹೇಳಿ."

ನಾನು ಕಾಗದ ಮಡಚಿದೆ. ಸುಂದರಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು.

ಲಕ್ಕಣ್ಣ ತನ್ನ ಎರಡು ಅಂಗೈಗಳನ್ನು ನೋಡಿಕೊಂಡ. ಆಮೇಲೆ ತಲೆ ಎತ್ತಿದ.

"ಗೊತ್ತಿದ್ದೂ ದಾರಿಗೆ ಮುದ್ದೆ ಕಟ್ಟಿಕೊಟ್ಲಲ್ಲಾ ಸಾ," ಎಂದ. "ಅನ್ನೆರಡೂ ಬಿಸಿಯಾಗಿದ್ದೊ."